ಕಾರಿನೊಳಗೆ ಹ್ಯಾಂಡ್‌ಹೆಲ್ಡ್ ಜಿಪಿಎಸ್ ಉಪಗ್ರಹ ಹಿಡಿಯದಿದ್ದರೆ: ಬರ್ಡ್ಸ್‌ವಿಲ್ ಟ್ರ್ಯಾಕಿನಲ್ಲಿ ಕಲಿತ ದೋಷ ನಿವಾರಣೆ

ಹೋಗುವಾಗ ಜಿಪಿಎಸ್ ಚೆನ್ನಾಗಿಯೇ ಇತ್ತು. ಬರುವಾಗ ಕೈಕೊಟ್ಟಿತು. ಅದೇ ಕಾರು, ಅದೇ ರಸ್ತೆ, ಅದೇ ಹ್ಯಾಂಡ್‌ಹೆಲ್ಡ್, ಅಂದರೆ ಕೈಯಲ್ಲಿ ಹಿಡಿಯೋ ಜಿಪಿಎಸ್ ಯಂತ್ರ.

ರಸ್ತೆ ಅಂದರೆ ಬರ್ಡ್ಸ್‌ವಿಲ್ ಟ್ರ್ಯಾಕ್. ದಕ್ಷಿಣ ಆಸ್ಟ್ರೇಲಿಯದ ಮರೀ ಅನ್ನೋ ಪುಟ್ಟ ಊರಿನಿಂದ ಕ್ವೀನ್ಸ್‌ಲ್ಯಾಂಡಿನ ಬರ್ಡ್ಸ್‌ವಿಲ್‌ವರೆಗೆ 517 ಕಿಲೋಮೀಟರ್ ಮಣ್ಣು, ಜಲ್ಲಿ, ದೂಳು. ಜುಲೈ ತಿಂಗಳು, ಅಲ್ಲಿ ಚಳಿಗಾಲ. ಕಾರಿನಲ್ಲಿ ನಾನು, ನನ್ನ ಹೆಂಡತಿ, ಹಾಸನದಿಂದ ಬಂದಿದ್ದ ಮಾವ. ಮಾವ ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿ ನಿವೃತ್ತರಾದವರು. ಮುಂದಿನ ಸೀಟು ಹಿಡಿದು, ಜಿಪಿಎಸ್ ನೋಡೋ ಕೆಲಸ ತಾವೇ ವಹಿಸಿಕೊಂಡಿದ್ದರು.

ಬರ್ಡ್ಸ್‌ವಿಲ್‌ನಿಂದ ವಾಪಸ್ ಹೊರಟ ದಿನ ಮಧ್ಯಾಹ್ನ ಅವರು ಹೇಳಿದರು: “ಅಳಿಯಂದ್ರೇ, ನಾವು ಓಡ್ತಾ ಇದ್ದೀವಿ, ಇದು ನಿಂತುಬಿಟ್ಟಿದೆಯಲ್ಲ.”

ಪರದೆಯಲ್ಲಿ ಬಾಣ ಅಲ್ಲಾಡುತ್ತಿರಲಿಲ್ಲ. ಹತ್ತು ನಿಮಿಷ ಬಿಟ್ಟು ಒಂದೇ ಸಲ ಎಗರಿ ಮುಂದಕ್ಕೆ ಬಂತು. ಮತ್ತೆ ನಿಂತಿತು. ಆಮೇಲೆ ನಾವು ರಸ್ತೆ ಬಿಟ್ಟು ದಿಬ್ಬದ ಮೇಲೆ ಓಡುತ್ತಿರುವಂತೆ ತೋರಿಸಿತು. ನಿಜ ಹೇಳಬೇಕೆಂದರೆ ಆ ರಸ್ತೆಯಲ್ಲಿ ದಾರಿ ತಪ್ಪೋದು ಕಷ್ಟ, ಇರುವುದೇ ಒಂದು ರಸ್ತೆ. ಆದರೆ ಇದೇ ಕಾರು, ಇದೇ ಜಿಪಿಎಸ್ ಇಟ್ಟುಕೊಂಡು ಮುಂದಿನ ವರ್ಷ ಸಿಂಪ್ಸನ್ ಮರುಭೂಮಿ ದಾಟುವ ಯೋಚನೆ ಇತ್ತು. ಅಲ್ಲಿ ಹೀಗಾದರೆ ತಮಾಷೆ ಅಲ್ಲ. ಹಾಗಾಗಿ ಅವತ್ತು ಸಂಜೆ ಮಂಗೆರಾನಿ ಹೋಟೆಲಿನ ಬಯಲಲ್ಲಿ ಕಾರು ನಿಲ್ಲಿಸಿಕೊಂಡು ಕೂತು ಪತ್ತೆ ಮಾಡಿದೆವು. ಅಲ್ಲಿ ಕಂಡದ್ದು, ಆಮೇಲೆ ಅಡಿಲೇಡ್‌ಗೆ ಬಂದು ಸರಿಮಾಡಿದ್ದು, ಎರಡೂ ಸೇರಿಸಿ ಬರೆದಿದ್ದೇನೆ.

ಮೊದಲು: ನೆಟ್‌ವರ್ಕ್ ಬೇರೆ, ಜಿಪಿಎಸ್ ಬೇರೆ

ಔಟ್‌ಬ್ಯಾಕಿಗೆ, ಅಂದರೆ ಆಸ್ಟ್ರೇಲಿಯದ ಒಳನಾಡಿನ ಬಂಜರು ಬಯಲಿಗೆ, ಹೊರಟ ನಮ್ಮವರಲ್ಲಿ ಅರ್ಧ ಜನ “ಅಲ್ಲಿ ಜಿಪಿಎಸ್ ಬರಲ್ವಂತೆ” ಅನ್ನುತ್ತಾರೆ. ಬರಲ್ಲ ಅನ್ನೋದು ಮೊಬೈಲ್ ನೆಟ್‌ವರ್ಕ್. ಊರು ದಾಟಿದ ಮೇಲೆ ಟವರ್ ಇಲ್ಲ, ಮ್ಯಾಪ್ ಡೌನ್‌ಲೋಡ್ ಆಗುವುದಿಲ್ಲ, ಫೋನಿನ ಪರದೆ ಖಾಲಿ ಬೂದು ಬಣ್ಣ. ನೀಲಿ ಚುಕ್ಕೆ ಮಾತ್ರ ಅಲ್ಲೇ ಇರುತ್ತದೆ. ಚುಕ್ಕೆ ಇದೆ, ಮ್ಯಾಪ್ ಇಲ್ಲ ಅಂದರೆ ಜಿಪಿಎಸ್‌ನಲ್ಲಿ ದೋಷವಿಲ್ಲ. ಹೊರಡುವ ಮುಂಚೆ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ, ಅಷ್ಟೇ. ಇನ್ನೊಂದು, ಬರೀ ವೈಫೈ ಇರುವ ಐಪ್ಯಾಡ್‌ನಲ್ಲಿ ಜಿಪಿಎಸ್ ಚಿಪ್ಪೇ ಇಲ್ಲ. ಸಿಮ್ ಹಾಕುವ ಮಾದರಿಯಲ್ಲಿ ಮಾತ್ರ ಇದೆ. ಇದು ತಿಳಿಯದೆ ಐಪ್ಯಾಡ್ ತಂದು ಮರೀಯಲ್ಲಿ ತಲೆ ಚಚ್ಚಿಕೊಂಡವರನ್ನು ನೋಡಿದ್ದೇನೆ.

ಜಿಪಿಎಸ್‌ಗೆ ಔಟ್‌ಬ್ಯಾಕಿನಷ್ಟು ಒಳ್ಳೇ ಜಾಗ ಸಿಗೋದು ಕಷ್ಟ. ಕಟ್ಟಡ ಇಲ್ಲ, ಕಾಡಿಲ್ಲ, ಬೆಟ್ಟ ಇಲ್ಲ. ಸಕಲೇಶಪುರದ ಘಾಟಿಯಲ್ಲಿ ಸಿಗ್ನಲ್ ಹೋದರೆ ಬೆಟ್ಟವನ್ನು ಬೈಯಬಹುದು. ಇಲ್ಲಿ ಬೈಯೋಕೆ ಏನೂ ಇಲ್ಲ. ಈ ಬಯಲಲ್ಲೂ ಉಪಗ್ರಹ ಸಿಗುತ್ತಿಲ್ಲ ಅಂದರೆ ದೋಷ ಕಾರಿನೊಳಗೇ ಇದೆ ಅಂತ ಇಟ್ಟುಕೊಂಡು ಹುಡುಕೋಕೆ ಶುರು ಮಾಡಿ.

ಆ ಸಿಗ್ನಲ್ ಎಷ್ಟು ಸಣ್ಣದು ಗೊತ್ತಾದರೆ ಉಳಿದದ್ದೆಲ್ಲ ಸುಲಭ. ಉಪಗ್ರಹ ಇರುವುದು ಸುಮಾರು 20,200 ಕಿಲೋಮೀಟರ್ ಮೇಲೆ. ಅಲ್ಲಿಂದ 1575.42 ಮೆಗಾಹರ್ಟ್ಸ್‌ನಲ್ಲಿ ಹೊರಟ ಸಿಗ್ನಲ್ ನಮ್ಮ ಕೈಗೆ ಬರೋ ಹೊತ್ತಿಗೆ ಎಷ್ಟು ಉಳಿದಿರುತ್ತದೆ? ಒಂದು ವ್ಯಾಟನ್ನು ಕೋಟಿ ಪಾಲು ಮಾಡಿ. ಅದರಲ್ಲಿ ಒಂದನ್ನು ಮತ್ತೆ ಕೋಟಿ ಪಾಲು ಮಾಡಿ. ಅದರಲ್ಲಿ ಒಂದನ್ನು ನೂರು ಪಾಲು ಮಾಡಿ. ಹೆಚ್ಚುಕಮ್ಮಿ ಅಷ್ಟು. ಗಾಜು, ಪ್ಲಾಸ್ಟಿಕ್, ಒಣಗಿದ ಬಟ್ಟೆ ದಾಟಿ ಬರುತ್ತದೆ. ತಗಡು ದಾಟುವುದಿಲ್ಲ. ನಿಮ್ಮ ಅಂಗೈ ಅಡ್ಡ ಬಂದರೂ ಸೊರಗುತ್ತದೆ. ಕಾರು ಅಂದರೆ ಕಿಟಕಿ ಇಟ್ಟ ತಗಡಿನ ಡಬ್ಬ ಅಲ್ವಾ? ಅದರೊಳಗೆ ಕೂತು ಆಕಾಶ ಹುಡುಕುತ್ತಿದ್ದೇವೆ.

ಬಿಚ್ಚುವ ಮುಂಚೆ ಸೆಟ್ಟಿಂಗ್ ನೋಡಿ

ಇವೆಲ್ಲ ಕಾಸು ಖರ್ಚಿಲ್ಲದ ತಪಾಸಣೆ. ಆದರೆ ಯಾರೂ ಮೊದಲು ಮಾಡುವುದಿಲ್ಲ.

ಡೆಮೊ ಮೋಡ್ ಆನ್ ಆಗಿದೆಯಾ? ಗಾರ್ಮಿನ್ ಕಂಪನಿಯ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಸಿಸ್ಟಮ್ ಸೆಟ್ಟಿಂಗಿನ ಒಳಗೆ ಇದೆ. ಮನೆಯೊಳಗೆ ಕೂತು ಮೆನು ಕಲಿಯೋಕೆ ಅಂತ ಆನ್ ಮಾಡಿ ಮರೆತುಬಿಡುತ್ತೇವೆ. ಆಗ ಯಂತ್ರ ಉಪಗ್ರಹ ಹುಡುಕುವುದನ್ನೇ ನಿಲ್ಲಿಸಿರುತ್ತದೆ.

ತುಂಬಾ ದಿನ ಆಫ್ ಆಗಿತ್ತಾ? ದೂರದ ಊರಿನಿಂದ ತಂದಿದ್ದೀರಾ? ಬೆಂಗಳೂರಿನಲ್ಲಿ ಕೊನೇ ಸಲ ಆನ್ ಮಾಡಿದ್ದನ್ನು ಅಡಿಲೇಡ್‌ನಲ್ಲಿ ಆನ್ ಮಾಡಿದರೆ ಅದಕ್ಕೆ ತಾನು ಎಲ್ಲಿದ್ದೇನೆ, ಯಾವ ಉಪಗ್ರಹ ಎಲ್ಲಿದೆ ಒಂದೂ ಗೊತ್ತಿರುವುದಿಲ್ಲ. ಎಲ್ಲ ಉಪಗ್ರಹಗಳ ಪಟ್ಟಿ ಪೂರ್ತಿ ಇಳಿಯೋಕೇ 12.5 ನಿಮಿಷ ಬೇಕು. ಅದರ ಮೇಲೆ ಪ್ರತಿ ಉಪಗ್ರಹವೂ ತನ್ನ ಪಕ್ಕಾ ಕಕ್ಷೆಯನ್ನು 30 ಸೆಕೆಂಡಿಗೊಮ್ಮೆ ಹೇಳುತ್ತಿರುತ್ತದೆ. ಅದನ್ನು ಮಧ್ಯೆ ಕಡಿಯದೆ ಪೂರ್ತಿ ಕೇಳಬೇಕು. ಓಡುವ ಕಾರಿನಲ್ಲಿ, ಸಿಗ್ನಲ್ ಬಂದು ಹೋಗಿ ಮಾಡುವಾಗ, ಆ ಮಾತು ಅರ್ಧಕ್ಕೇ ತುಂಡಾಗಿ ಮತ್ತೆ ಮೊದಲಿಂದ ಶುರು. ಅದಕ್ಕೇ ಬೆಳಗ್ಗೆ ಟೀ ಕಾಯಿಸುವಾಗ ಜಿಪಿಎಸ್ ಆನ್ ಮಾಡಿ ಬಾನೆಟ್ ಮೇಲೆ ಇಡಿ. ಟೀ ಕುಡಿದು ಮುಗಿಯೋ ಹೊತ್ತಿಗೆ ಅದೂ ತಯಾರಾಗಿರುತ್ತದೆ. ಹೊಸ ದೇಶದಲ್ಲಿ ಮೊದಲ ಸಲ ಆದರೆ 20 ನಿಮಿಷ ಕೊಡಿ.

ತಾರೀಖು ಸರಿ ಇದೆಯಾ? ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. ಕಳೆದ ಸಲ ಹಾಗಾದದ್ದು 2019ರ ಏಪ್ರಿಲ್ 6ರ ರಾತ್ರಿ. ತುಂಬಾ ಹಳೇ ಯಂತ್ರ ಇಪ್ಪತ್ತು ವರ್ಷ ಹಿಂದಿನ ತಾರೀಖು ತೋರಿಸಿದರೆ ಕಾರಣ ಇದೇ. ಹೊಸ ಫರ್ಮ್‌ವೇರ್ (ಯಂತ್ರದೊಳಗಿನ ಸಾಫ್ಟ್‌ವೇರ್) ಸಿಕ್ಕಿದರೆ ಹಾಕಿ.

ಬಾಣ ರಸ್ತೆಯ ಪಕ್ಕದಲ್ಲಿ, ಯಾವಾಗಲೂ ಒಂದೇ ಕಡೆಗೆ, ಒಂದೇ ಅಂತರದಲ್ಲಿ ಓಡುತ್ತಿದೆಯಾ? ಹಾಗಾದರೆ ಅದು ರಿಸೆಪ್ಷನ್ ದೋಷವೇ ಅಲ್ಲ. ರಿಸೆಪ್ಷನ್ ಕೆಟ್ಟರೆ ಬಾಣ ಎಗರಾಡುತ್ತದೆ, ನಿಲ್ಲುತ್ತದೆ. ಒಂದೇ ಅಂತರ ಅಂದರೆ ಡೇಟಮ್, ಅಂದರೆ ನಕ್ಷೆಯ ಅಳತೆಗೆ ಆಧಾರವಾದ ಲೆಕ್ಕ, ತಪ್ಪು. ಆಸ್ಟ್ರೇಲಿಯದ ಹಳೇ ಕಾಗದದ ನಕ್ಷೆಗಳು ಎಜಿಡಿ 66 ಅಥವಾ ಎಜಿಡಿ 84 ಅನ್ನೋ ಲೆಕ್ಕದಲ್ಲಿವೆ. ಜಿಪಿಎಸ್‌ನ ಡಬ್ಲ್ಯುಜಿಎಸ್ 84ಕ್ಕೂ ಅದಕ್ಕೂ ಸುಮಾರು 200 ಮೀಟರ್ ವ್ಯತ್ಯಾಸ. ಈಗಿನ ಜಿಡಿಎ 94 ಮತ್ತು ಜಿಡಿಎ 2020 ನಡುವೆ ಬರೀ 1.8 ಮೀಟರ್, ಕಾರಿಗೆ ಅದು ಲೆಕ್ಕಕ್ಕಿಲ್ಲ. ನಕ್ಷೆಯ ಅಂಚಿನಲ್ಲಿ ಡೇಟಮ್ ಹೆಸರು ಅಚ್ಚಾಗಿರುತ್ತದೆ, ಯಂತ್ರದಲ್ಲೂ ಅದನ್ನೇ ಇಡಿ. ಊರಿನ ಹಳೇ ಟೋಪೋ ಶೀಟುಗಳದ್ದೂ ಇದೇ ಕತೆ, ಅವು ಎವರೆಸ್ಟ್ ಅನ್ನೋ ಬೇರೆ ಡೇಟಮ್‌ನವು.

ಇದನ್ನು ವಿವರಿಸುವಾಗ ಮಾವನಿಗೆ ಪೋಪೆಲ್ ಕಾರ್ನರ್ ಕತೆ ಹೇಳಿದೆ. ದಕ್ಷಿಣ ಆಸ್ಟ್ರೇಲಿಯ, ಕ್ವೀನ್ಸ್‌ಲ್ಯಾಂಡ್, ನಾರ್ದರ್ನ್ ಟೆರಿಟರಿ, ಮೂರೂ ಸೇರುವ ಮೂಲೆ ಅದು, ಸಿಂಪ್ಸನ್ ಮರುಭೂಮಿಯ ನಡುವೆ. 1880ರ ದಶಕದಲ್ಲಿ ಆಗಸ್ಟಸ್ ಪೋಪೆಲ್ ಅನ್ನೋ ಸರ್ವೇಯರ್ ಗೂಟ ನೆಟ್ಟದ್ದು ಒಂದು ಉಪ್ಪು ಕೆರೆಯ ಅಂಗಳದಲ್ಲಿ. ಆಮೇಲೆ ನೋಡಿದರೆ ಅಳತೆ ಸರಪಳಿಯೇ ಒಂದು ಇಂಚು ಉದ್ದ ಇತ್ತು. ಗೂಟ ಕಿತ್ತು ಬೇರೆ ಕಡೆ ನೆಡಬೇಕಾಯಿತು. 33 ಅಡಿ ಸರಪಳಿ ಎಳೆದೇ ಜೀವನ ಸವೆಸಿದ ಮಾವ ಗಂಭೀರವಾಗಿ ತಲೆ ಆಡಿಸಿದರು. “ಬೆಳಗ್ಗೆ ಕೆಲಸ ಶುರು ಮಾಡೋ ಮುಂಚೆ ಸರಪಳಿ ಅಳೀಬೇಕು. ನಾವು ಅಳೀತಿದ್ದೆವು.”

ಮಂಗೆರಾನಿಯಲ್ಲಿ ಮಾಡಿದ ಪರೀಕ್ಷೆ

ನನ್ನ ಸೆಟ್ಟಿಂಗ್ ಎಲ್ಲ ಸರಿಯಾಗಿತ್ತು. ನಾನು ಆತುರಕ್ಕೆ ಬಿದ್ದು ಜಿಪಿಎಸ್ ಜಾಗ ಬದಲಿಸಿದೆ, ಚಾರ್ಜರ್ ಕಿತ್ತೆ, ರೀಸ್ಟಾರ್ಟ್ ಮಾಡಿದೆ. ಎಲ್ಲ ಒಟ್ಟಿಗೆ. ಸಿಗ್ನಲ್ ಬಂತು.

ಮಾವ ಕೇಳಿದರು: “ಯಾವುದರಿಂದ ಬಂತು?”

ಉತ್ತರ ಇರಲಿಲ್ಲ.

“ಹಂಗಾದ್ರೆ ನಾಳೆ ಮತ್ತೆ ಹೋಗುತ್ತೆ. ಒಂದು ಸಲಕ್ಕೆ ಒಂದೇ ಬದಲಾಯಿಸಿ. ನಾನು ಬರ್ಕೋತೀನಿ.”

ಹೆಂಡತಿಯ ಶಾಪಿಂಗ್ ಚೀಟಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ಶುರು ಮಾಡಿದರು. ಪ್ರತಿ ಜಾಗದಲ್ಲೂ ಐದು ನಿಮಿಷ. ಪ್ರತಿ ಉಪಗ್ರಹದ ಸಿಗ್ನಲ್‌ಗೆ ಒಂದೊಂದು ಕಡ್ಡಿ ತೋರಿಸುವ ಸ್ಯಾಟಲೈಟ್ ಪುಟದಲ್ಲಿ ತುಂಬಿದ ಕಡ್ಡಿ ಎಷ್ಟು, ಪರದೆ ತೋರಿಸುವ ನಿಖರತೆ ಎಷ್ಟು ಮೀಟರ್, ಇಷ್ಟೇ. ಖಾಲಿ ಕಡ್ಡಿಯನ್ನು ಎಣಿಸಬೇಡಿ. ಆ ಉಪಗ್ರಹ ಕಂಡಿದೆ, ಇನ್ನೂ ಲೆಕ್ಕಕ್ಕೆ ಸೇರಿಲ್ಲ ಅಂತ ಅರ್ಥ. ಎತ್ತರವೂ ಸೇರಿ ನಾವಿರುವ ಜಾಗ ಗೊತ್ತಾಗಬೇಕಾದರೆ ತುಂಬಿದ ಕಡ್ಡಿ ಕನಿಷ್ಠ ನಾಲ್ಕು ಬೇಕು.

ಹಾಳೆಯಲ್ಲಿ ಇದ್ದದ್ದು ಹೀಗೆ:

ಬಯಲಲ್ಲಿ, ಕೈಯಲ್ಲಿ ಎತ್ತಿ ಹಿಡಿದು: 11 ಕಡ್ಡಿ, 3 ಮೀಟರ್.
ಮಾವನ ತೊಡೆಯ ಮೇಲೆ, ಬ್ಯಾಟರಿ: 2 ಕಡ್ಡಿ, ನಾವಿರುವ ಜಾಗ ಸಿಗಲಿಲ್ಲ.
ಡ್ಯಾಶ್‌ಬೋರ್ಡ್ ಮೇಲೆ, ಕಾರಿನ ಮೂತಿ ಉತ್ತರಕ್ಕೆ, ಬ್ಯಾಟರಿ: 8 ಕಡ್ಡಿ, 5 ಮೀಟರ್.
ಅದೇ ಜಾಗ, ಮೂತಿ ದಕ್ಷಿಣಕ್ಕೆ, ಬ್ಯಾಟರಿ: 5 ಕಡ್ಡಿ, 12 ಮೀಟರ್.
ಅದೇ ಜಾಗ, ಮೂತಿ ಉತ್ತರಕ್ಕೆ, ಚಾರ್ಜರ್: 6 ಕಡ್ಡಿ, 9 ಮೀಟರ್.
ಅದೇ ಜಾಗ, ಮೂತಿ ದಕ್ಷಿಣಕ್ಕೆ, ಚಾರ್ಜರ್: 3 ಕಡ್ಡಿ, ನಾವಿರುವ ಜಾಗ ಸಿಗಲಿಲ್ಲ.

ಮೊದಲ ಸಾಲು ಎಲ್ಲಕ್ಕಿಂತ ಮುಖ್ಯ. ಬಯಲಲ್ಲಿ 11 ಬಂತು ಅಂದರೆ ಯಂತ್ರ ಗಟ್ಟಿ ಇದೆ. ಅಲ್ಲೂ ಬರದಿದ್ದರೆ ಕಾರಿನ ಗೊಡವೆ ಬೇಡ, ಯಂತ್ರವೇ ಕೆಟ್ಟಿದೆ. ಕೊನೆಯ ನಾಲ್ಕು ಸಾಲು ನೋಡಿ. ನನ್ನ ಹತ್ತಿರ ಇದ್ದದ್ದು ಒಂದು ದೋಷ ಅಲ್ಲ, ಎರಡು. ಒಂದೊಂದೇ ಇದ್ದಾಗ ಯಂತ್ರ ಹೇಗೋ ತಾಳಿಕೊಂಡಿತ್ತು. ಎರಡೂ ಸೇರಿದಾಗ ಮಲಗಿತು. ಹೋಗುವಾಗ ಬ್ಯಾಟರಿಯಲ್ಲಿ, ಉತ್ತರಕ್ಕೆ. ಬರುವಾಗ ಚಾರ್ಜರಿನಲ್ಲಿ, ದಕ್ಷಿಣಕ್ಕೆ. ಸೆಲ್ ಖರ್ಚು ಸುಮ್ನೆ ಯಾಕೆ ಅಂತ ಬರ್ಡ್ಸ್‌ವಿಲ್‌ನಲ್ಲಿ ಚಾರ್ಜರ್ ಸಿಕ್ಕಿಸಿದವನು ನಾನೇ.

ದಕ್ಷಿಣಕ್ಕೆ ಯಾಕೆ ಕಮ್ಮಿ?

ಇದು ನನಗೂ ಹೊಸದು. ಮಾವ ಮೂತಿ ತಿರುಗಿಸಿ ನೋಡೋಣ ಅನ್ನದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಜಿಪಿಎಸ್ ಉಪಗ್ರಹಗಳ ಕಕ್ಷೆ ಭೂಮಧ್ಯರೇಖೆಗೆ 55 ಡಿಗ್ರಿ ವಾಲಿಕೊಂಡಿದೆ. ಹಾಗಾಗಿ ಅವು 55 ಡಿಗ್ರಿ ದಕ್ಷಿಣ ಅಕ್ಷಾಂಶಕ್ಕಿಂತ ಆಚೆ ಯಾವತ್ತೂ ಹೋಗುವುದಿಲ್ಲ. ಮಂಗೆರಾನಿ ಇರುವುದು ಸುಮಾರು 28 ಡಿಗ್ರಿ ದಕ್ಷಿಣದಲ್ಲಿ. ಅಲ್ಲಿ ನಿಂತು ನೇರ ದಕ್ಷಿಣಕ್ಕೆ ನೋಡಿದರೆ, ದಿಗಂತದಿಂದ ಹಿಡಿದು ಅರ್ಧ ಆಕಾಶಕ್ಕೂ ಮೇಲಿನವರೆಗೆ ಒಂದೂ ಜಿಪಿಎಸ್ ಉಪಗ್ರಹ ಬರುವುದಿಲ್ಲ. ಅಷ್ಟು ದೊಡ್ಡ ಖಾಲಿ ಜಾಗ. ಸ್ಯಾಟಲೈಟ್ ಪುಟದ ವೃತ್ತವನ್ನು ಒಂದು ಗಂಟೆ ಬಿಟ್ಟು ಒಂದು ಗಂಟೆ ನೋಡಿ, ಕೆಳಭಾಗ ಯಾವಾಗಲೂ ಬೋಳಾಗಿರುತ್ತದೆ.

ಬಯಲಲ್ಲಿ ನಿಂತಾಗ ಇದು ತೊಂದರೆ ಅಲ್ಲ, ಉಳಿದ ಆಕಾಶ ಇದೆ. ಕಾರಿನಲ್ಲಿ ಮೇಲೆ ತಗಡು, ಹಿಂದೆ ತಗಡು. ಜಿಪಿಎಸ್‌ಗೆ ಕಾಣುವುದು ಮುಂದಿನ ಗಾಜಿನ ಆಕಾಶ ಮಾತ್ರ. ಆ ಗಾಜನ್ನು ದಕ್ಷಿಣಕ್ಕೆ ತಿರುಗಿಸಿದರೆ ಖಾಲಿ ಜಾಗವನ್ನೇ ತೋರಿಸಿದಂತಾಯಿತು. ನಮ್ಮ ಕರ್ನಾಟಕದಲ್ಲಿ ಇದು ತಿರುವುಮುರುವು. ಬೆಂಗಳೂರಿನಲ್ಲಿ ಖಾಲಿ ಇರುವುದು ಉತ್ತರದ ಆಕಾಶ. ಆದರೆ ನಾವು ಭೂಮಧ್ಯರೇಖೆಗೆ ಹತ್ತಿರ ಇರುವುದರಿಂದ ಆ ಜಾಗ ಇನ್ನೂ ಕೆಳಗೆ, ಚಿಕ್ಕದಾಗಿದೆ.

ಹಾಗಾಗಿ ದೋಷ ಯಾವ ದಿಕ್ಕಿಗೆ ಹೋಗುವಾಗ ಬರುತ್ತದೆ ಅಂತ ಗಮನಿಸಿ. ದಿಕ್ಕು ಬದಲಾದಾಗ ಕಡ್ಡಿ ಏರಿ ಇಳಿದರೆ ಯಂತ್ರ ಚೆನ್ನಾಗಿದೆ, ಅದಕ್ಕೆ ಆಕಾಶ ಸಾಲುತ್ತಿಲ್ಲ. ಯಂತ್ರದಲ್ಲಿ ಗ್ಲೋನಾಸ್ ಆಯ್ಕೆ ಇದ್ದರೆ ಆನ್ ಮಾಡಿ. ರಷ್ಯಾದ ಆ ಉಪಗ್ರಹಗಳು 64.8 ಡಿಗ್ರಿ ವಾಲಿವೆ, ದಕ್ಷಿಣದ ಖಾಲಿ ಜಾಗವನ್ನು ಸ್ವಲ್ಪ ಮಟ್ಟಿಗೆ ತುಂಬುತ್ತವೆ. ಬ್ಯಾಟರಿ ಸ್ವಲ್ಪ ಜಾಸ್ತಿ ತಿನ್ನುತ್ತದೆ, ಪರವಾಗಿಲ್ಲ. ನನ್ನದು ಬರೀ ಜಿಪಿಎಸ್ ಹಿಡಿಯೋ ಹಳೇ ಕಾಲದ್ದು, ಆ ಭಾಗ್ಯ ಇರಲಿಲ್ಲ.

ಎಲ್ಲಿ ಇಡಬೇಕು, ಹೇಗೆ ಇಡಬೇಕು

ತೊಡೆ, ಬಾಗಿಲಿನ ಜೇಬು, ಕಪ್ ಇಡುವ ಜಾಗ, ಗೇರ್ ಪಕ್ಕ: ಬೇಡ. ಡ್ಯಾಶ್‌ಬೋರ್ಡ್ ಮೇಲೆ, ಗಾಜಿನ ಬುಡಕ್ಕೆ ಆದಷ್ಟು ಹತ್ತಿರ, ಮಧ್ಯಕ್ಕೆ. ಮೂಲೆಗೆ ತಳ್ಳಿದರೆ ಪಕ್ಕದ ಕಂಬದ ತಗಡು ಅಡ್ಡ ಬರುತ್ತದೆ. ಡ್ರೈವರ್ ಕಣ್ಣಿಗೆ ರಸ್ತೆ ಮರೆಯಾಗಬಾರದು, ಅದು ಕಾನೂನೂ ಹೌದು.

ಹಿಡಿಯುವ ಭಂಗಿ ಜನ ಮರೆಯುವ ವಿಷಯ. ತಲೆಯ ಮೇಲೆ ದಪ್ಪ ಮೂಗಿನಂತೆ ಆಂಟೆನಾ ಎದ್ದಿರುವ ಯಂತ್ರಗಳು, ಉದಾಹರಣೆಗೆ ಗಾರ್ಮಿನ್‌ನ ಜಿಪಿಎಸ್‌ಮ್ಯಾಪ್ 60 ಮತ್ತು 64 ಸಾಲಿನವು, ನೆಟ್ಟಗೆ ನಿಲ್ಲಬೇಕು. ಅವುಗಳೊಳಗೆ ಸುರುಳಿ ಆಂಟೆನಾ ಇದೆ, ಮೂಗು ಆಕಾಶಕ್ಕೆ ಇರಬೇಕು. ಮೊದಲ ಈಟ್ರೆಕ್ಸ್ ತರಹದ ಮೂಗಿಲ್ಲದವುಗಳೊಳಗೆ ಚಪ್ಪಟೆ ಬಿಲ್ಲೆ ಆಂಟೆನಾ. ಅವನ್ನು ರೊಟ್ಟಿ ತಟ್ಟೆ ಹಾಗೆ ಅಂಗಾತ ಇಡಬೇಕು. ಇದು ತಲೆಕೆಳಗಾದರೆ ಎರಡು ಮೂರು ಕಡ್ಡಿ ಸುಮ್ನೆ ಹೋಗುತ್ತದೆ.

ಗಾಜೇ ತಪ್ಪಿತಸ್ಥ ಆಗಿರಬಹುದು. ಕೆಲವು ಕಾರುಗಳ, ಅದರಲ್ಲೂ ಯೂರೋಪಿನ ಕೆಲವು ಮಾದರಿಗಳ, ಮುಂದಿನ ಗಾಜಿನೊಳಗೆ ಬಿಸಿಲು ತಡೆಯೋಕೆ ಕಣ್ಣಿಗೆ ಕಾಣದ ಲೋಹದ ಪದರ ಇರುತ್ತದೆ. ಕೆಲವಕ್ಕೆ ಮಂಜು ಕರಗಿಸಲು ಕೂದಲೆಳೆಯಂಥ ತಂತಿ. ಬಿಸಿಲನ್ನು ತಡೆಯುವ ಲೋಹ ಸಿಗ್ನಲನ್ನೂ ತಡೆಯುತ್ತದೆ. ಲೋಹದ ಪದರದ ಗಾಜಿನಲ್ಲಿ ಸಾಮಾನ್ಯವಾಗಿ ಕನ್ನಡಿಯ ಹಿಂದೆ, ಕಪ್ಪು ಚುಕ್ಕೆ ಇರುವ ಕಡೆ, ಸ್ವಲ್ಪ ಜಾಗವನ್ನು ಪದರ ಇಲ್ಲದೆ ಬಿಟ್ಟಿರುತ್ತಾರೆ. ಟೋಲ್ ಟ್ಯಾಗ್ ಅಂಟಿಸೋಕೆ ಅಂತ. ಜಿಪಿಎಸ್ ಅಲ್ಲಿಗೆ ತಂದು ನೋಡಿ. ಪತ್ತೆ ಮಾಡೋದು ಸುಲಭ: ಮುಂದಿನ ಗಾಜಿನ ಒಳಗಿಟ್ಟು ಕಡ್ಡಿ ಎಣಿಸಿ, ಅದೇ ಜಾಗಕ್ಕೆ ನೇರ ಹೊರಗೆ ಬಾನೆಟ್ ಮೇಲೆ ಇಟ್ಟು ಎಣಿಸಿ. ಆಮೇಲೆ ಪಕ್ಕದ ಕಿಟಕಿಗೆ ಒತ್ತಿ ಹಿಡಿದು ಎಣಿಸಿ. ಪಕ್ಕದ ಗಾಜಿನಲ್ಲಿ ಚೆನ್ನಾಗಿ ಬಂದು ಮುಂದಿನದರಲ್ಲಿ ಬರದಿದ್ದರೆ ಗಾಜೇ. ಲೋಹ ಇರುವ ಟಿಂಟ್ ಫಿಲ್ಮ್ ಅಂಟಿಸಿದ್ದರೂ ಇದೇ ಪಾಡು.

ಚಾರ್ಜರ್ ಗಲಾಟೆ

ನನ್ನದು ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನಲ್ಲಿ ಕೊಂಡ ಅಗ್ಗದ ಮಾಲು. ಎರಡು ಯುಎಸ್‌ಬಿ ತೂತು, ನೀಲಿ ದೀಪ. ಅದರೊಳಗೆ 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಸರ್ಕ್ಯೂಟ್ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್ ಆಗಿ ಆಫ್ ಆಗುತ್ತಿರುತ್ತದೆ. ಸರಿಯಾದ ಫಿಲ್ಟರ್ ಇಲ್ಲದಿದ್ದರೆ ಆ ಗಲಾಟೆಯೆಲ್ಲ ವೈರಿನ ಮೂಲಕ ಜಿಪಿಎಸ್ ಪಕ್ಕಕ್ಕೇ ಬರುತ್ತದೆ. ಮೇಲೆ ಹೇಳಿದೆನಲ್ಲ, ಸಿಗ್ನಲ್ ಎಷ್ಟು ಸಣ್ಣದು ಅಂತ. ಜಾತ್ರೆ ಮೈಕಿನ ಪಕ್ಕ ನಿಂತು ಪಿಸುಮಾತು ಕೇಳಿಸಿಕೊಂಡ ಹಾಗೆ.

ಪರೀಕ್ಷೆ: ಚಾರ್ಜರ್ ಕಿತ್ತು, ಬ್ಯಾಟರಿಯಲ್ಲಿ ಓಡಿಸಿ, ಕಡ್ಡಿ ಎಣಿಸಿ. ಮತ್ತೆ ಸಿಕ್ಕಿಸಿ, ಎಣಿಸಿ. ಅಷ್ಟೇ. ಕಾರಿನ ರೇಡಿಯೋ ಎಎಂಗೆ ಹಾಕಿ, ಯಾವ ಸ್ಟೇಷನ್ನೂ ಇಲ್ಲದ ಕಡೆ ನಿಲ್ಲಿಸಿ ಚಾರ್ಜರ್ ಸಿಕ್ಕಿಸಿ ನೋಡಿ. ಜುಂಯ್ ಅಂತ ಸದ್ದು ಜಾಸ್ತಿಯಾದರೆ ಆ ಚಾರ್ಜರ್ ಮೇಲೆ ಅನುಮಾನ ಪಡಬಹುದು. ಅದು ಗಟ್ಟಿ ಸಾಕ್ಷಿ ಅಲ್ಲ, ಜಿಪಿಎಸ್ ತರಂಗಾಂತರ ತುಂಬಾ ಮೇಲಿದೆ. ಸುಳಿವು ಅಂತ ಇಟ್ಟುಕೊಳ್ಳಿ.

ಇದೇ ರೀತಿ ಉಳಿದವನ್ನೂ ಒಂದೊಂದಾಗಿ ಆಫ್ ಮಾಡಿ ನೋಡಿ. ಡ್ಯಾಶ್ ಕ್ಯಾಮೆರಾ ಈ ವಿಷಯದಲ್ಲಿ ಕುಖ್ಯಾತ, ಅದೂ ಗಾಜಿನ ಮೇಲೆ ಜಿಪಿಎಸ್ ಪಕ್ಕದಲ್ಲೇ ಇರುತ್ತದೆ. ಎಲ್‌ಇಡಿ ದೀಪದ ಪಟ್ಟಿ, ಫ್ರಿಜ್, ಇನ್ವರ್ಟರ್. ಕಾರಿನಿಂದ ಕಾರಿಗೆ ಮಾತಾಡುವ ಯುಎಚ್‌ಎಫ್ ಸಿಬಿ ರೇಡಿಯೋ 477 ಮೆಗಾಹರ್ಟ್ಸ್, 5 ವ್ಯಾಟ್. ಅದರ ಗುಂಡಿ ಒತ್ತಿ ಮಾತಾಡುವಾಗ ಮಾತ್ರ ಕಡ್ಡಿ ಬಿದ್ದರೆ ಎರಡನ್ನೂ ದೂರ ದೂರ ಇಡಿ. ಇರಿಡಿಯಂ ಸ್ಯಾಟಲೈಟ್ ಫೋನು 1616ರಿಂದ 1626.5 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ಜಿಪಿಎಸ್‌ಗೆ ಪಕ್ಕದ ಮನೆ ಇದ್ದ ಹಾಗೆ. ಮಾತಾಡುವಾಗ ಅದನ್ನು ಜಿಪಿಎಸ್ ಪಕ್ಕ ಹಿಡಿಯಬೇಡಿ.

ಪರಿಹಾರ: ಫಿಲ್ಟರ್ ಇರುವ ಒಳ್ಳೇ ಚಾರ್ಜರ್, ವೈರಿಗೆ ಜಿಪಿಎಸ್ ತುದಿಯಲ್ಲಿ ಒಂದು ಫೆರೈಟ್ ಕ್ಲಿಪ್ (ವೈರಿನ ಗಲಾಟೆ ತಡೆಯೋ ಬಿಲ್ಲೆ), ಚಾರ್ಜರ್ ಮತ್ತು ಜಿಪಿಎಸ್ ನಡುವೆ ಅರ್ಧ ಮೀಟರ್ ಅಂತರ. ಏನೂ ಇಲ್ಲದಿದ್ದರೆ ಒಳ್ಳೇ ಲಿಥಿಯಂ ಸೆಲ್. ಮರುದಿನ ನಾವು ಮಾಡಿದ್ದು ಅದನ್ನೇ. ಚಾರ್ಜರ್ ಕಿತ್ತು, ಜಿಪಿಎಸ್ ಮಧ್ಯಕ್ಕೆ ತಂದು, ಮರೀವರೆಗೆ ದಕ್ಷಿಣಕ್ಕೇ ಬಂದೆವು. ಐದು ಕಡ್ಡಿ, ಆರು ಕಡ್ಡಿ. ಒಂದು ಸಲವೂ ನಿಲ್ಲಲಿಲ್ಲ.

ಚಾರ್ಜರ್ ಸಿಕ್ಕಿಸಿದ ಕೂಡಲೇ ಪರದೆಯಲ್ಲಿ ಕಂಪ್ಯೂಟರ್ ಚಿತ್ರ ಬಂದು ಎಲ್ಲ ನಿಂತರೆ ಅದು ಬೇರೆ ಕಾಯಿಲೆ. ಯಂತ್ರ ತಾನು ಕಂಪ್ಯೂಟರಿಗೆ ಸೇರಿದ್ದೇನೆ ಅಂದುಕೊಂಡಿದೆ. ಗಾರ್ಮಿನ್‌ನಲ್ಲಿ ಇಂಟರ್‌ಫೇಸ್ ಸೆಟ್ಟಿಂಗನ್ನು ಸ್ಪ್ಯಾನರ್ ಅನ್ನೋ ಆಯ್ಕೆಗೆ ಬದಲಿಸಿದರೆ, ಕಂಪ್ಯೂಟರಿಗೆ ಸೇರಬೇಕಾ ಅಂತ ಅದೇ ಕೇಳುತ್ತದೆ. ಬೇಡ ಅನ್ನಿ.

ಕಾರಿನ ಮಾಡಿನ ಮೇಲೆ ಆಂಟೆನಾ

ಪೂರ್ತಿ ಪರಿಹಾರ ಬೇಕಾದರೆ ಆಕಾಶವನ್ನು ಒಳಗೆ ತರೋಕೆ ಒದ್ದಾಡಬೇಡಿ, ಆಂಟೆನಾವನ್ನೇ ಹೊರಗೆ ಕಳಿಸಿ. ಯಂತ್ರದ ಹಿಂಬದಿ ರಬ್ಬರ್ ಮುಚ್ಚಳ ಎತ್ತಿ ನೋಡಿ. ಚಿನ್ನದ ಬಣ್ಣದ ಸಣ್ಣ ದುಂಡಗಿನ ತೂತು ಇದ್ದರೆ ಅದೇ ಹೊರಗಿನ ಆಂಟೆನಾ ಸಿಕ್ಕಿಸುವ ಎಂಸಿಎಕ್ಸ್ ಸಾಕೆಟ್. ಜಿಪಿಎಸ್‌ಮ್ಯಾಪ್ 60 ಸಿಎಸ್‌ಎಕ್ಸ್, 64 ಇವುಗಳಲ್ಲಿ ಇದೆ. ಹಳೇ ಈಟ್ರೆಕ್ಸ್‌ನಲ್ಲಿ ಇಲ್ಲ. ಇಲ್ಲದವರಿಗೆ ಹೊರಗಿನ ಸಿಗ್ನಲನ್ನು ಕಾರಿನೊಳಗೆ ಮತ್ತೆ ಪ್ರಸಾರ ಮಾಡುವ ಕಿಟ್ ಮಾರುತ್ತಾರೆ. ನನ್ನ ಮಾತು ಕೇಳಿದರೆ ಅದರ ಗೋಜಿಗೆ ಹೋಗಬೇಡಿ. ಅದು ಒಂದು ಪ್ರಸಾರ ಯಂತ್ರ, ಅನುಮತಿಯ ತಕರಾರು ಬೇರೆ, ಪಕ್ಕದ ಫೋನಿನ ಜಿಪಿಎಸ್ಸನ್ನೂ ಗೊಂದಲಕ್ಕೆ ಹಾಕಬಹುದು. ಅದಕ್ಕಿಂತ ಸಾಕೆಟ್ ಇರುವ ಹಳೇ ಯಂತ್ರ ಒಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳಿ.

ಆಂಟೆನಾ ಅಂದರೆ ಬೆಂಕಿಪೊಟ್ಟಣದಷ್ಟು ದೊಡ್ಡದು, ಅಡಿಯಲ್ಲಿ ಅಯಸ್ಕಾಂತ. ಒಳಗೆ ಸಣ್ಣ ಆಂಪ್ಲಿಫೈಯರ್ ಇದೆ, ಅದಕ್ಕೆ ಕರೆಂಟ್ ಜಿಪಿಎಸ್‌ನಿಂದಲೇ ಅದೇ ವೈರಿನಲ್ಲಿ ಹೋಗುತ್ತದೆ. ಕಬ್ಬಿಣದ ಮಾಡಿನ ಮೇಲೆ ಕೂತರೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ, ಅಡಿಯ ತಗಡು ಅದಕ್ಕೆ ನೆಲದ ಹಾಗೆ ಕೆಲಸ ಮಾಡುತ್ತದೆ. ಮಾಡು ಅಲ್ಯೂಮಿನಿಯಂ ಆದರೆ ಅಯಸ್ಕಾಂತ ಹಿಡಿಯುವುದಿಲ್ಲ, ಅಂಟು ಪಟ್ಟಿ ಬೇಕು.

ಜಾಗ ಆರಿಸುವಾಗ ಮೇಲೆ ಏನಿದೆ ನೋಡಿ. ಔಟ್‌ಬ್ಯಾಕಿಗೆ ಹೊರಟ ಕಾರಿನ ಮಾಡು ಮದುವೆ ಮನೆ ಅಟ್ಟ ಇದ್ದ ಹಾಗೆ. ರ‍್ಯಾಕು, ಸ್ಟೆಪ್ನಿ, ನೀರಿನ ಕ್ಯಾನು, ಗುದ್ದಲಿ, ಮಡಚಿದ ಟೆಂಟು. ನಾನು ಮೊದಲು ರ‍್ಯಾಕಿನ ಅಡಿಯಲ್ಲಿ, ಮರ ತಾಗಬಾರದು ಅಂತ ಜೋಪಾನವಾಗಿ ಇಟ್ಟಿದ್ದೆ. ಮೇಲೆ ತಗಡಿನ ಪೆಟ್ಟಿಗೆ ಇತ್ತು. ಆರು ಕಡ್ಡಿ. ಮುಂದಿನ ಗಾಜಿನ ಮೇಲಂಚಿಗೆ, ರ‍್ಯಾಕ್ ಶುರುವಾಗುವ ಮುಂಚಿನ ಜಾಗಕ್ಕೆ ತಂದೆ. ಹನ್ನೊಂದು. ಮೂತಿ ಯಾವ ಕಡೆ ತಿರುಗಿಸಿದರೂ ಹನ್ನೊಂದೇ.

ವೈರನ್ನು ಬಾಗಿಲಿನ ಕೀಲು ಇರುವ ಕಡೆ, ರಬ್ಬರಿನ ಒಳಗಿಂದ ತನ್ನಿ. ಬೀಗದ ಕಡೆ ತಂದರೆ ಬಾಗಿಲು ಹಾಕಿದಾಗ ಅಪ್ಪಚ್ಚಿ. ಒಳಗೆ ಬರುವ ಮುಂಚೆ ವೈರನ್ನು ಸ್ವಲ್ಪ ಕೆಳಕ್ಕೆ ಜೋತು ಬಿಡಿ, ಮಳೆ ನೀರು ಆ ತಿರುವಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಉದ್ದ ಜಾಸ್ತಿ ಇದ್ದರೆ ಕತ್ತರಿಸಿ ಜೋಡಿಸಬೇಡಿ, ಸೀಟಿನ ಅಡಿ ಸಡಿಲವಾಗಿ ಸುತ್ತಿಡಿ. ಹಾಗಂತ ಹತ್ತು ಮೀಟರ್ ವೈರ್ ಕೊಳ್ಳಲೂ ಬೇಡಿ. ಆ ತೆಳು ವೈರಿನಲ್ಲಿ ಮೀಟರಿಗೆ ಒಂದು ಡೆಸಿಬಲ್‌ಗಿಂತ ಜಾಸ್ತಿ ಸೋರುತ್ತದೆ.

ಆಂಟೆನಾ ಸಿಕ್ಕಿಸಿದ ಮೇಲೆ ಒಂದೆರಡು ನಿಮಿಷದಲ್ಲಿ ಕಡ್ಡಿ ಏರಬೇಕು. ಪೂರ್ತಿ ಸೊನ್ನೆಗೆ ಬಿದ್ದರೆ ವೈರ್ ಕಡಿದಿದೆ ಅಥವಾ ಪ್ಲಗ್ ಸರಿ ಕೂತಿಲ್ಲ. ಪ್ಲಗ್ ಹಾಕಿದ ಕೂಡಲೇ ಯಂತ್ರ ಒಳಗಿನ ಆಂಟೆನಾ ಬಿಟ್ಟುಬಿಡುತ್ತದೆ, ಅದಕ್ಕೇ ಸೊನ್ನೆ. ಕಿತ್ತಾಗ ಕಡ್ಡಿ ವಾಪಸ್ ಬಂದರೆ ದೋಷ ಹೊರಗಿನ ಆಂಟೆನಾದ್ದು.

ಅಲುಗಾಟ ಮತ್ತು ಬಿಸಿಲು

ಟ್ರ್ಯಾಕಿನ ಮೇಲ್ಮೈ ಮನೆ ಮಾಡಿಗೆ ಹೊದಿಸುವ ಶೀಟಿನ ಹಾಗೆ ಅಲೆಅಲೆ. ನೂರಾರು ಕಿಲೋಮೀಟರ್ ಅದರ ಮೇಲೆ ಕಟಕಟ ಓಡಿದರೆ ಎಂಸಿಎಕ್ಸ್ ಪ್ಲಗ್ ಮೆಲ್ಲಗೆ ಹೊರಗೆ ಬರುತ್ತದೆ. ಅದಕ್ಕೆ ತಿರುಪು ಇಲ್ಲ, ಬರೀ ಒತ್ತಿ ಕೂರಿಸುವುದು. ವೈರನ್ನು ಯಂತ್ರದ ಬೆನ್ನಿಗೆ ಟೇಪ್ ಹಾಕಿ ಕಟ್ಟಿ. ಡಬಲ್ ಎ ಸೆಲ್ಲುಗಳೂ ಕುಣಿದು ಯಂತ್ರ ತಾನಾಗೇ ಆಫ್ ಆಗುತ್ತದೆ. ಸೆಲ್ ಮತ್ತು ಮುಚ್ಚಳದ ನಡುವೆ ಮಡಚಿದ ಕಾಗದ ಇಟ್ಟರೆ ಸರಿ. ಬಾಣ ನಿಲ್ಲುವುದಕ್ಕೂ ಯಂತ್ರವೇ ಆಫ್ ಆಗಿ ಆನ್ ಆಗುವುದಕ್ಕೂ ವ್ಯತ್ಯಾಸ ಗಮನಿಸಿ, ಎರಡನೆಯದು ಸೆಲ್ ಅಥವಾ ವೈರಿನ ದೋಷ.

ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಬಿಸಿಲಿನಲ್ಲಿ ಕಾದ ಹೆಂಚು. ಪರದೆ ಕಪ್ಪಾದರೆ ಗಾಬರಿ ಬೇಡ, ನೆರಳಿಗೆ ತಂದು ತಣ್ಣಗಾಗಲು ಬಿಡಿ. ಇಳಿಯುವಾಗ ಜೊತೆಗೆ ತೆಗೆದುಕೊಂಡೇ ಇಳಿಯಿರಿ.

ಊರಿಗೆ ಹೋಗುವಾಗ ಹ್ಯಾಂಡ್‌ಹೆಲ್ಡ್ ಜೊತೆಗೆ ಒಯ್ಯುವವರಿಗೆ ಒಂದು ಮಾತು. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಇನ್‌ರೀಚ್ ತರಹದ್ದನ್ನೂ ಸ್ಯಾಟಲೈಟ್ ಫೋನನ್ನೂ ಭಾರತಕ್ಕೆ ಅನುಮತಿ ಇಲ್ಲದೆ ತರುವ ಹಾಗಿಲ್ಲ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ಔಟ್‌ಬ್ಯಾಕಿನಲ್ಲಿ ಜೀವ ಉಳಿಸುವ ವಸ್ತು, ಅಲ್ಲಿ ಕೇಸು.

ಸಿಂಪ್ಸನ್‌ಗೆ ಈ ಸಲ ಏಪ್ರಿಲ್ ನಂತರ ಹೊರಡುವುದು ಅಂತ ಇದ್ದೇವೆ. ಬೇಸಿಗೆಯಲ್ಲಿ, ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ, ದಕ್ಷಿಣ ಆಸ್ಟ್ರೇಲಿಯದ ಕಡೆ ಮರುಭೂಮಿ ಬಂದ್ ಇರುತ್ತದೆ. ಮಾವ ಹಾಸನದಿಂದ ಫೋನ್ ಮಾಡಿದಾಗ ಕೇಳಿದ ಮೊದಲ ಪ್ರಶ್ನೆ: “ಪೋಪೆಲ್ ಗೂಟದ ಹತ್ರ ಹೋಗ್ತೀರಲ್ಲ, ಅದು ನಿಜವಾಗಿ ಎಲ್ಲಿದೆ ಅಂತ ಐದು ನಿಮಿಷ ನಿಂತು ಬರ್ಕೊಂಡು ಬನ್ನಿ. ಬ್ಯಾಟರಿಯಲ್ಲಿ.”